ಬಣ್ಣಕ್ಕೆ ಮೊದಲು ತಗಡು ನೋಡಿ

ಎಡಪ್ಪಾಡಿಯ ನಮಗೆ ಸಂಕಗಿರಿ ಎಂದರೆ ಲಾರಿ, ನಾಮಕ್ಕಲ್ ಎಂದರೆ ಲಾರಿಗೆ ಬಾಡಿ ಕಟ್ಟುವ ಶೆಡ್ಡುಗಳು. ಈಗ ಹುಡುಗರು ಕಾರಿಗೂ ಹೊಸ ಬಂಪರ್, ಸ್ಕರ್ಟ್, ಬಣ್ಣ ಹಾಕಿಸುತ್ತಾರೆ. ಶೆಡ್ಡು ಆರಿಸುವುದು ಹೇಗೆ?

ನಾನು ಬ್ಯಾಂಕಿನಲ್ಲಿದ್ದಾಗ ಸಾಲ ಪಡೆದ ಒಬ್ಬರು ಹೊಳಪು ನೋಡಿ ಪೂರ್ತಿ ಹಣ ಮುಂಗಡ ಕೊಟ್ಟರು. ಎರಡೇ ಮಳೆಗಾಲಕ್ಕೆ ಬಣ್ಣ ಉಬ್ಬಿ ಎದ್ದಿತು. ತುಕ್ಕಿನ ಮೇಲೆಯೇ ಪಟ್ಟಿ ಮೆತ್ತಿದ್ದರು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಆದ್ದರಿಂದ ಆ ಶೆಡ್ಡಿನಲ್ಲಿ ಎರಡು ವರ್ಷದ ಹಿಂದೆ ಕೆಲಸವಾದ ಗಾಡಿಯನ್ನು ಮೊದಲು ನೋಡಿ. ಸಣ್ಣ ಅಯಸ್ಕಾಂತ ಒಯ್ಯಿರಿ. ಉಕ್ಕಿನ ತಗಡಿನ ಮೇಲೆ ಅದು ಹಿಡಿಯದೆ ಜಾರಿದರೆ ಒಳಗೆ ಪಟ್ಟಿ ದಪ್ಪ. ಫೈಬರ್ ಭಾಗಗಳನ್ನು ಬಣ್ಣಕ್ಕೆ ಮುಂಚೆಯೇ ಕೂರಿಸಿ, ಸಂದು ಸಮವಿದೆಯೇ ಪರೀಕ್ಷಿಸಬೇಕು. ಕೊರೆದ ತೂತಿಗೆ ಪ್ರೈಮರ್ ಹಚ್ಚದಿದ್ದರೆ ತುಕ್ಕು ಅಲ್ಲಿಂದಲೇ ಹತ್ತುತ್ತದೆ. ಬಣ್ಣ ಹೊಡೆಯುವುದು ಧೂಳಿಲ್ಲದ ಮುಚ್ಚಿದ ಕೋಣೆಯಲ್ಲಿರಲಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌.ಸಿ. ಪುಸ್ತಕಕ್ಕೂ ಹೊಂದದಂತೆ ಗಾಡಿ ಮಾರ್ಪಡಿಸಬಾರದು. ಬಣ್ಣ ಬದಲಿಸಿದರೆ ಆರ್‌.ಟಿ.ಒ. ಕಚೇರಿಯಲ್ಲಿ ಬರೆಸಿ, ವಿಮೆಯವರಿಗೂ ತಿಳಿಸಿ.

ಹಣವನ್ನು ಕೆಲಸ ಮುಗಿದಷ್ಟಕ್ಕೆ ಕೊಡುತ್ತ ಬನ್ನಿ. ಪ್ರತಿ ಸಲವೂ ರಸೀದಿ ಕೇಳಿ.