ಗಾಂಧಿಬಜಾರಿನ ಸಂಕ್ರಾಂತಿ: ಹೊಟ್ಟೆ ಸೂಕ್ಷ್ಮವಿದ್ದವರು ಏನು ಕೊಳ್ಳಬೇಕು?

ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಬೆಂಗಳೂರಿನ ಗಾಂಧಿಬಜಾರಿಗೆ ಕಾಲಿಟ್ಟರೆ ಹಬ್ಬ ಮೊದಲು ಮೂಗಿಗೆ ತಿಳಿಯುತ್ತದೆ. ಅವರೆಕಾಯಿಯ ಸೊಗಡು, ಸೇವಂತಿಗೆಯ ಕಂಪು, ಹುರಿದ ಕಡಲೆಬೀಜದ ಘಮ. ಕಬ್ಬಿನ ಜಲ್ಲೆಗಳು ಗೋಡೆಗೆ ಒರಗಿವೆ, ಎಲಚಿಹಣ್ಣು ಗೋಣಿಯ ಮೇಲೆ ರಾಶಿ ಬಿದ್ದಿದೆ. ಸಕ್ಕರೆ ಅಚ್ಚಿನ ಮುಂದೆ ಮಕ್ಕಳು ನಿಂತುಬಿಟ್ಟಿದ್ದಾರೆ.

ಈ ಬೀದಿಯನ್ನು ಇವತ್ತು ಹಬ್ಬವೆಂದರೆ ಅಳುಕುವವರ ಜೊತೆ ಸುತ್ತೋಣ. ಐಬಿಎಸ್ (ಕೆರಳುವ ಕರುಳಿನ ತೊಂದರೆ) ಇರುವವರು, ಹಾಲು ಒಗ್ಗದವರು, ಕರಿದದ್ದು ತಿಂದರೆ ಎದೆಯುರಿಯುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ "ನೀನು ಏನೂ ತಿನ್ನಬೇಡ" ಎಂದುಬಿಡುವುದು ಸುಲಭ. ಆದರೆ ಅವರು ಬರಿಗೈಲಿ ಹೋಗಬೇಕಾಗಿಲ್ಲ. ತಿಂಡಿಯ ಹೆಸರಿಗಿಂತ ಅದರೊಳಗೆ ಏನಿದೆ ಎಂದು ನೋಡಿದರೆ ಆಯ್ಕೆ ತಾನಾಗಿ ಸಿಗುತ್ತದೆ.

ಎಳ್ಳಿನ ಅಂಗಡಿ

ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಇಲ್ಲಿ ಬೇರೆಬೇರೆಯಾಗಿಯೂ ಸಿಗುತ್ತವೆ, ಕಲಸಿದ ಪೊಟ್ಟಣವಾಗಿಯೂ ಸಿಗುತ್ತವೆ. ಬೇರೆಬೇರೆ ಕೊಂಡು ಮನೆಯಲ್ಲಿ ಬೆರೆಸಿದರೆ ಪ್ರಮಾಣ ನಿಮ್ಮ ಕೈಯಲ್ಲಿರುತ್ತದೆ. ಐದರಲ್ಲಿ ಹೊಟ್ಟೆ ಉಬ್ಬಿಸುವುದು ಹೆಚ್ಚಾಗಿ ಹುರಿಗಡಲೆ. ಬೇಳೆಕಾಳುಗಳಲ್ಲಿರುವ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣಕರುಳಿನಲ್ಲಿಲ್ಲ. ಅವು ಹಾಗೇ ದೊಡ್ಡಕರುಳು ಸೇರುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ವಾಯು ಹುಟ್ಟಿಸುತ್ತವೆ. ಆಸ್ಟ್ರೇಲಿಯಾದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಹುದುಗುವ ಸಕ್ಕರೆಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿ 2005ರಲ್ಲಿ 'ಫಾಡ್‌ಮ್ಯಾಪ್' ಎಂದು ಕರೆದರು. ಐಬಿಎಸ್ ರೋಗಿಗಳಿಗೆ ಇಂದು ಆಹಾರ ತಜ್ಞರು ಕೊಡುವ ಸಲಹೆಗೆ ಅದೇ ಆಧಾರ.

ಹಾಗಾಗಿ ಹುರಿಗಡಲೆ ಇಳಿಸಿ, ಕಡಲೆಬೀಜ ಏರಿಸಿ. ಹಬ್ಬಕ್ಕೆ ಬಳಸುವ ಸಿಪ್ಪೆ ತೆಗೆದ ಬಿಳಿ ಎಳ್ಳು ಒಂದೆರಡು ಚಮಚದಷ್ಟಾದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಬೆಲ್ಲದಲ್ಲಿರುವುದು ಬಹುಪಾಲು ಸುಕ್ರೋಸ್, ಮಿತವಾಗಿದ್ದರೆ ಅದೂ ತೊಂದರೆ ಕೊಡುವುದಿಲ್ಲ. ಕೊಬ್ಬರಿಯಲ್ಲಿ ಜಿಡ್ಡು ಜಾಸ್ತಿ, ಸಣ್ಣ ಚೂರು ಸಾಕು. ಕೊಳ್ಳುವ ಮುನ್ನ ಮೂಸಿ ನೋಡಿ, ಕಮಟು ವಾಸನೆ ಇದ್ದರೆ ಬಿಡಿ. ಕಡಲೆಬೀಜ ಕಹಿಯಾಗಿದ್ದರೆ, ಬೂಷ್ಟು ಕಂಡರೆ ಅದೂ ಬೇಡ.

ಸಕ್ಕರೆ ಅಚ್ಚು, ಮಿಠಾಯಿ

ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಕಟ್ಟಿ, ಕಾಯಿಸಿದ ಸಕ್ಕರೆ ಪಾಕ ಹೊಯ್ದು ಮಾಡುವ ಈ ಗಿಳಿ, ಆನೆ, ತುಳಸಿಕಟ್ಟೆಗಳು ಹೊಟ್ಟೆಯ ಮಟ್ಟಿಗೆ ಸಾಧುವಾದ ಸಿಹಿ. ಕೊಳೆ ತೆಗೆಯಲು ಪಾಕಕ್ಕೆ ಹಾಕುವ ಹಾಲು ತೀರ ಕಡಿಮೆ. ಸಕ್ಕರೆ ಕಾಯಿಲೆ ಇಲ್ಲದವರು ಒಂದು ಅಚ್ಚನ್ನು ಧೈರ್ಯವಾಗಿ ಚೀಪಬಹುದು. ಬಣ್ಣದ್ದಕ್ಕಿಂತ ಬಿಳಿಯದು ಮೇಲು.

ಪಕ್ಕದಲ್ಲೇ 'ಶುಗರ್ ಫ್ರೀ' ಮಿಠಾಯಿ ಇದ್ದರೆ ಪೊಟ್ಟಣದ ಹಿಂಬದಿ ಓದಿ. ಸಾರ್ಬಿಟಾಲ್ (ಐಎನ್‌ಎಸ್ 420), ಮ್ಯಾನಿಟಾಲ್ (421), ಮಾಲ್ಟಿಟಾಲ್ (965) ಎಂದಿದ್ದರೆ ಅಲ್ಲೇ ಬಿಡಿ. ಇವು ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ನೀರನ್ನು ಎಳೆದುಕೊಳ್ಳುತ್ತವೆ, ಹೆಚ್ಚಾದರೆ ಭೇದಿ ಖಚಿತ. ಎದೆಯುರಿ ಇರುವವರಿಗೆ ಚಾಕೊಲೇಟು, ಪೆಪ್ಪರ್‌ಮಿಂಟು ಎರಡೂ ಆಗವು. ಅನ್ನನಾಳದ ಕೆಳತುದಿಯ ಸ್ನಾಯುವಿನ ಬಿಗಿಯನ್ನು ಅವು ಸಡಿಲಿಸುತ್ತವೆ, ಹುಳಿ ಮೇಲೇರುತ್ತದೆ.

ಸಿಹಿ ತಿಂಡಿಯ ಗಾಜಿನ ಪೆಟ್ಟಿಗೆ

ಪೇಡಾ, ಬರ್ಫಿ, ಗುಲಾಬ್ ಜಾಮೂನು ಎಲ್ಲವೂ ಖೋವಾದ ಮಕ್ಕಳು. ಹಾಲನ್ನು ಸುಮಾರು ಐದನೇ ಒಂದು ಪಾಲಿಗೆ ಬತ್ತಿಸಿದರೆ ಖೋವಾ. ನೀರು ಹೋಗುತ್ತದೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಉಳಿದು ಗಟ್ಟಿಯಾಗುತ್ತದೆ. ದಕ್ಷಿಣ ಭಾರತದ ವಯಸ್ಕರಲ್ಲಿ ಬಹಳಷ್ಟು ಮಂದಿಗೆ ಲ್ಯಾಕ್ಟೋಸ್ ಅರಗಿಸುವ ಕಿಣ್ವ ಕಡಿಮೆ. ಒಂದು ಲೋಟ ಕಾಫಿ ತಡೆದುಕೊಳ್ಳುವವರಿಗೂ ನಾಲ್ಕು ಪೇಡಾ ಕಷ್ಟ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಹಾಲು ಒಗ್ಗದವರಿಗೆ ಮೈಸೂರು ಪಾಕ್ ಆದೀತು, ಆದರೆ ಕಡಲೆಹಿಟ್ಟು ಮತ್ತು ಜಿಡ್ಡಿನ ಕಾರಣ ಚಿಕ್ಕ ತುಂಡು ಮಾತ್ರ. ಕೊಬ್ಬರಿ ಮಿಠಾಯಿಗೂ ಅದೇ ಮಿತಿ.

ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮೇಲೆ 'ಇಂಥ ದಿನದೊಳಗೆ ಬಳಸಿ' ಎಂಬ ಚೀಟಿ ಇರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ವಿಧಿಸಿತ್ತು. ಚೀಟಿ ಕಾಣದಿದ್ದರೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕುರುಕಲು

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಈ ಬಜಾರಿನ ಹೆಮ್ಮೆ. ಅಕ್ಕಿಹಿಟ್ಟೇ ಮುಖ್ಯವಾದ ಚಕ್ಕುಲಿ ಮೂರರಲ್ಲಿ ಹಗುರ. ಕೋಡುಬಳೆ, ನಿಪ್ಪಟ್ಟಿಗೆ ರವೆ, ಮೈದಾ, ಹುರಿಗಡಲೆ ಸೇರುವುದುಂಟು. ಗೋಧಿ ಪೂರ್ತಿ ನಿಷಿದ್ಧವಾದ ಸೀಲಿಯಾಕ್ ರೋಗಿಗಳು ಇಂಗನ್ನೂ ವಿಚಾರಿಸಬೇಕು. ಡಬ್ಬಿಯಲ್ಲಿ ಬರುವ ಇಂಗಿಗೆ ಗೋಧಿಹಿಟ್ಟು ಬೆರೆಸಿರುವುದು ಸಾಮಾನ್ಯ. ಪದೇಪದೇ ಕಾಯಿಸಿ ಕಪ್ಪಾದ ಎಣ್ಣೆಯ ಬಾಣಲೆ ಕಂಡರೆ ಮುಂದೆ ಹೋಗಿ. ಕಡಲೆಪುರಿಗೆ ಚೂರು ತುಪ್ಪ, ಜೀರಿಗೆ, ಉಪ್ಪು ಬೆರೆಸಿಕೊಂಡರೆ ಕುರುಕುವ ಆಸೆಯೂ ತೀರುತ್ತದೆ, ಹೊಟ್ಟೆಯೂ ಸುಮ್ಮನಿರುತ್ತದೆ.

ಅವರೆಕಾಳಿನ ಆಸೆ ಬಿಡಲಾಗದವರಿಗೆ ಹಿತಕಿದ ಬೇಳೆ ವಾಸಿ. ನೆನೆಸಿದ ನೀರು ಚೆಲ್ಲಿದರೆ ವಾಯು ಹುಟ್ಟಿಸುವ ಸಕ್ಕರೆಯೂ ಸ್ವಲ್ಪ ಹೋಗುತ್ತದೆ, ಹಿತಕಿ ಸಿಪ್ಪೆ ತೆಗೆದಾಗ ಅದರ ನಾರೂ ಹೋಗುತ್ತದೆ. ಹೆಸರುಬೇಳೆಯ ಸಿಹಿ ಪೊಂಗಲ್ ಅದಕ್ಕಿಂತಲೂ ಸೌಮ್ಯ.

ಲೆಕ್ಕ ಇಡಿ

ಒಂದೊಂದು ತಿಂಡಿ ಒಗ್ಗಿದರೂ ಒಟ್ಟು ಒಗ್ಗದಿರಬಹುದು. ಎಳ್ಳು ಬೀರುವ ಸಂಜೆ ಪ್ರತಿ ಮನೆಯಿಂದ ಪೊಟ್ಟಣ ಬರುತ್ತದೆ. ಎಲ್ಲವನ್ನೂ ಆ ದಿನವೇ ಮುಗಿಸಬೇಕಿಲ್ಲ. ಎಳ್ಳು-ಬೆಲ್ಲ ಡಬ್ಬಿಯಲ್ಲಿ ಕೆಡದೆ ಉಳಿಯುತ್ತದೆ. ಊಟವಾದ ಮೇಲೆ ಒಂದು ಹಿಡಿ, ಚೆನ್ನಾಗಿ ಅಗಿದು ತಿನ್ನಿ. ಹೊಸ ತಿಂಡಿಯನ್ನು ದಿನಕ್ಕೊಂದರಂತೆ ಪರೀಕ್ಷಿಸಿದರೆ ತೊಂದರೆ ಯಾವುದರಿಂದ ಎಂದು ತಿಳಿಯುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ತಿಂಡಿಯನ್ನು ದೂರುತ್ತ ಕೂರದೆ ವೈದ್ಯರನ್ನು ಕಾಣಿ.

ಆತಿಥ್ಯ ಮಾಡುವವರಲ್ಲೂ ಒಂದು ವಿನಂತಿ. ಮನೆಗೆ ಬಂದವರು "ನನಗೆ ಇದು ಆಗುವುದಿಲ್ಲ" ಎಂದಾಗ "ಒಂದೇ ಒಂದು" ಎಂದು ಒತ್ತಾಯಿಸಬೇಡಿ. ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿಯನ್ನು ಬೇರೆಬೇರೆ ಇಡಿ, ಬೇಕಾದದ್ದನ್ನು ಅವರೇ ತೆಗೆದುಕೊಳ್ಳಲಿ.