ಮರುಕಳಿಸುವ ನರಜಾಲಗಳಲ್ಲಿ ನೆನಪು ಮತ್ತು ಮರೆವು

ನೆನಪೆಂದರೆ ಸಂಗ್ರಹ ಎಂಬ ಗ್ರಹಿಕೆ ಬರಹದ ಸಂಸ್ಕೃತಿಯಲ್ಲಿ ಆಳವಾಗಿ ಬೇರೂರಿದೆ. ಮೌಖಿಕ ಪರಂಪರೆಯ ಅಧ್ಯಯನವು ಇದನ್ನು ಪ್ರಶ್ನಿಸಿದೆ. ಯುಗೊಸ್ಲಾವಿಯಾದ ಗಾಯಕರು ಮಹಾಕಾವ್ಯವನ್ನು ಕಂಠಪಾಠದಿಂದ ಒಪ್ಪಿಸದೆ, ಪ್ರತಿ ಹಾಡಿಕೆಯಲ್ಲಿಯೂ ಮರಳಿ ಕಟ್ಟುತ್ತಾರೆ ಎಂಬುದನ್ನು ಆಲ್ಬರ್ಟ್ ಲಾರ್ಡ್ 1960ರ ‘ದಿ ಸಿಂಗರ್ ಆಫ್ ಟೇಲ್ಸ್’ ಕೃತಿಯಲ್ಲಿ ವಿವರಿಸಿದರು. ಕಂಪ್ಯೂಟರ್ ವಿಜ್ಞಾನದ ರಿಕರೆಂಟ್ ನ್ಯೂರಲ್ ನೆಟ್‌ವರ್ಕ್, ಎಂದರೆ ಮರುಕಳಿಸುವ ನರಜಾಲವು ಸಹ ನೆನಪನ್ನು ಸಂಗ್ರಹವಾಗಿ ಕಾಣುವುದಿಲ್ಲ ಎಂಬುದು ಗಮನಾರ್ಹ.

ಈ ಜಾಲವು ಪದಗಳನ್ನು ಒಂದೊಂದಾಗಿ ಸ್ವೀಕರಿಸುತ್ತದೆ. ಆದರೆ ಅವುಗಳನ್ನು ಸಾಲಾಗಿ ಕೂಡಿಡುವುದಿಲ್ಲ. ನಿಶ್ಚಿತ ಗಾತ್ರದ ಸಂಖ್ಯೆಗಳ ಒಂದು ‘ಸ್ಥಿತಿ’ ಮಾತ್ರ ಅದರಲ್ಲಿರುತ್ತದೆ. ಪ್ರತಿ ಹೊಸ ಪದವೂ ಹಳೆಯ ಸ್ಥಿತಿಯೊಡನೆ ಬೆರೆತು ಮುಂದಿನ ಸ್ಥಿತಿಯಾಗುತ್ತದೆ. ‘ಜಾತ್ರೆಗೆ ಹೋದ ಹುಡುಗಿ ತಮ್ಮನಿಗಾಗಿ ಕೊಳಲು ತಂದಳು’ ಎಂಬ ವಾಕ್ಯದ ಕೊನೆಯ ‘ಳು’ ಪ್ರತ್ಯಯವನ್ನು ಊಹಿಸಬೇಕಾದರೆ ‘ಹುಡುಗಿ’ ಎಂಬ ಪದದ ಗುರುತು ಅಲ್ಲಿಯವರೆಗೆ ಉಳಿಯಬೇಕು. ನಡುವೆ ಬರುವ ‘ತಮ್ಮ’ ಅದನ್ನು ಅಳಿಸಬಾರದು.

ವಾಕ್ಯ ದೀರ್ಘವಾದಂತೆ ಇದನ್ನು ಕಲಿಸುವುದು ಕಠಿಣವಾಗುತ್ತದೆ. ಜಾಲವು ತನ್ನ ತಪ್ಪಿನ ಸೂಚನೆಯನ್ನು ಹಿಂದಿನ ಹಂತಗಳಿಗೆ ಸಾಗಿಸಿ ತಿದ್ದಿಕೊಳ್ಳುತ್ತದೆ. ಪ್ರತಿ ಹಂತದಲ್ಲಿಯೂ ಆ ಸೂಚನೆ 0.9ರಷ್ಟಕ್ಕೆ ಇಳಿಯುತ್ತದೆ ಎಂದುಕೊಂಡರೆ, 50 ಹಂತಗಳ ಬಳಿಕ ಉಳಿಯುವುದು ಸುಮಾರು 0.005 ಮಾತ್ರ. ಜರ್ಮನಿಯ ಸೆಪ್ ಹೋಕ್‌ರೈಟರ್ 1991ರಲ್ಲಿ ಈ ತೊಡಕನ್ನು ವಿಶ್ಲೇಷಿಸಿದರು. 1997ರಲ್ಲಿ ಅವರು ಯುರ್ಗೆನ್ ಶ್ಮಿಡ್‌ಹುಬರ್ ಅವರೊಡನೆ ಎಲ್‌ಎಸ್‌ಟಿಎಂ ಎಂಬ ಜಾಲವನ್ನು ರೂಪಿಸಿದರು. ಇದರ ಸ್ಮೃತಿಕೋಶದಲ್ಲಿ ಹಳೆಯ ಮೌಲ್ಯ ಕುಗ್ಗದೆ ಮುಂದುವರಿಯುತ್ತದೆ; ಹೊಸತು ಅದಕ್ಕೆ ಕೂಡಿಕೊಳ್ಳುತ್ತದೆ. ಒಳಗೆ ಬರಬೇಕಾದುದನ್ನೂ ಹೊರಗೆ ತೋರಬೇಕಾದುದನ್ನೂ ಎರಡು ದ್ವಾರಗಳು ನಿರ್ಧರಿಸುತ್ತವೆ.

ಇಷ್ಟಕ್ಕೇ ಸಮಸ್ಯೆ ಮುಗಿಯಲಿಲ್ಲ. ಏನನ್ನೂ ಬಿಡದ ಕೋಶದಲ್ಲಿ ಮೌಲ್ಯಗಳು ಬೆಳೆಯುತ್ತಲೇ ಹೋಗಿ, ಕೋಶವೇ ನಿರುಪಯುಕ್ತವಾಗಬಹುದಿತ್ತು. ಆದ್ದರಿಂದ ಫೆಲಿಕ್ಸ್ ಗೆರ್ಸ್, ಶ್ಮಿಡ್‌ಹುಬರ್ ಮತ್ತು ಫ್ರೆಡ್ ಕಮಿನ್ಸ್ ಅವರು 2000ದಲ್ಲಿ ಪ್ರಕಟವಾದ ಲೇಖನದಲ್ಲಿ ‘ಮರೆವಿನ ದ್ವಾರ’ವನ್ನು ಸೇರಿಸಿದರು. ಮರೆಯುವುದನ್ನು ಕಲಿತ ಮೇಲೆಯೇ ಜಾಲದ ನೆನಪು ದೀರ್ಘ ಪ್ರವಾಹಗಳಿಗೆ ಸಮರ್ಥವಾಯಿತು.

2017ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸವು ಮತ್ತೆ ಪದಗಳನ್ನೆಲ್ಲ ಎದುರಿಗಿಟ್ಟುಕೊಂಡು ನೋಡುವ ಕ್ರಮವನ್ನು ಹಿಡಿಯಿತು. ಅದು ಹಸ್ತಪ್ರತಿಯನ್ನು ತೆರೆದಿಟ್ಟುಕೊಂಡ ಓದುಗನಿಗೆ ಸಮೀಪ. ಮರುಕಳಿಸುವ ಜಾಲವು ಗಾಯಕನಿಗೆ ಸಮೀಪ. ಈ ಹೋಲಿಕೆಗೆ ಮಿತಿಯಿದೆ. ಯಂತ್ರದ ಆಯ್ಕೆ ಕಲಿತ ಸಂಖ್ಯೆಗಳಿಂದ ಬಂದರೆ, ಗಾಯಕನ ಆಯ್ಕೆ ಎದುರು ಕುಳಿತ ಕೇಳುಗರಿಂದಲೂ ಬರುತ್ತದೆ. ಆದರೂ ಜಾನಪದ ಸಂಗ್ರಾಹಕರಿಗೆ ಇಲ್ಲೊಂದು ಎಚ್ಚರಿಕೆಯಿದೆ. ಗಾಯಕ ಬಿಟ್ಟ ಸಾಲನ್ನೆಲ್ಲ ದೋಷವೆಂದು ತಿದ್ದಿ ಸಂಪಾದಿಸಿದರೆ ಪಠ್ಯ ಪೂರ್ಣವಾಗಬಹುದು; ಆದರೆ ಆ ಹಾಡನ್ನು ತಲೆಮಾರುಗಳ ಕಾಲ ಉಳಿಸಿದ ನೆನಪಿನ ಕ್ರಮವೇ ದಾಖಲಾಗದೆ ಹೋಗುತ್ತದೆ.