ಎರೆ ನೆಲದಲ್ಲಿ ನಾಲ್ಕು ಗಾಲಿಯ ಹಿಡಿತ

ಅಮೀನಗಡದಿಂದ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ಹೊತ್ತಿನಲ್ಲೇ ಗಾಲಿಯ ಕೆಳಗಿನ ನೆಲ ಬದಲಾಗಿರುತ್ತದೆ. ಮೂಡಣಕ್ಕೆ ಹುನಗುಂದದ ಕಡೆ ಹೊರಳಿದರೆ ಕಣ್ಣು ಹರಿಯುವಷ್ಟು ದೂರ ಎರೆ ಹೊಲ. ಇಳಕಲ್ಲಿನ ದಿಕ್ಕು ಹಿಡಿದರೆ ಮಸಾರಿ ಮಣ್ಣು, ಕೆಂಪು ಗ್ರಾನೈಟಿನ ಬಂಡೆ. ಐಹೊಳೆಯ ಕಡೆ ಹೋದರೆ ಮರಳುಗಲ್ಲಿನ ಗುಡ್ಡ, ಅದರಾಚೆ ಮಲಪ್ರಭೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹರಿಯುವ ಗಾಡಿ ಇಟ್ಟುಕೊಂಡು ಭಾನುವಾರ ಬೆಳಗ್ಗೆ ಡಾಂಬರು ಬಿಟ್ಟು ಇಳಿಯುವವರಿಗೆ ಇಷ್ಟು ಬಗೆಯ ನೆಲ ಇಷ್ಟು ಹತ್ತಿರದಲ್ಲಿ ಸಿಗುವುದು ಅಪರೂಪ. ಸಕಲೇಶಪುರದ ಕಾಫಿ ಸೀಮೆಯ ಕೆಸರು ಕಂಡವರು, ಬಯಲುಸೀಮೆಯಲ್ಲಿ ಆಫ್‌ರೋಡಿಂಗ್ ಎಂಥದ್ದು ಎಂದು ಕೇಳುವುದುಂಟು. ಅವರು ಒಂದು ದೊಡ್ಡ ಮಳೆಯ ಮರುದಿನ ನಮ್ಮ ಎರೆ ಹೊಲದ ಬಂಡಿದಾರಿಯಲ್ಲಿ ನೂರು ಮಾರು ಹೋಗಿ ಬರಲಿ.

ಎರೆಯ ಗುಣ ಅರಿಯದೆ ಇಲ್ಲಿ ಗಾಡಿಯ ಯಾವ ಭಾಗವನ್ನೂ ಬದಲಾಯಿಸಬಾರದು. ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗಿ ಬಿರಿಯುವ ಜೇಡಿ ಈ ಮಣ್ಣಿನ ತುಂಬ ಇದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರುಕು ಬಿಡುವ ನೆಲವೇ ಮಳೆಗಾಲದಲ್ಲಿ ಬಿರುಕು ಮುಚ್ಚಿಕೊಂಡು ನೀರನ್ನು ಒಡಲಲ್ಲಿ ಹಿಡಿದಿಡುತ್ತದೆ. ಆ ತೇವವನ್ನು ನಂಬಿಯೇ ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವುದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಕೊಂಬು, ಕಾಲು, ಇಣಿ ಎಲ್ಲ ಒಂದಕ್ಕೊಂದು ಅಂಟಿ ನಿಲ್ಲುವುದೂ ಇದೇ ಜೇಡಿಯ ಜಿಗುಟಿನಿಂದ. ಟೈರಿಗೂ ಅದು ಹಾಗೆಯೇ ಅಂಟುತ್ತದೆ. ಮೊದಲ ಸುತ್ತಿಗೆ ಟೈರಿನ ಗೀರುಗಳು ತುಂಬುತ್ತವೆ, ಮುಂದಿನ ಸುತ್ತುಗಳಲ್ಲಿ ಮಣ್ಣಿನ ಮೇಲೆ ಮಣ್ಣು ಕೂತು ಟೈರು ದಪ್ಪವಾಗುತ್ತದೆ, ಕಡೆಗೆ ಮಡ್‌ಗಾರ್ಡಿನ ಒಳಗೆ ತುಂಬಿಕೊಂಡು ಗಾಲಿಯನ್ನೇ ಬಿಗಿಯುತ್ತದೆ. ಆ ಹೊತ್ತಿಗೆ ಎಂಜಿನ್ ಎಷ್ಟು ಬಲದ್ದಾದರೂ ಉಪಯೋಗವಿಲ್ಲ, ನೆಲ ಕಚ್ಚಲು ರಬ್ಬರೇ ಹೊರಗೆ ಉಳಿದಿರುವುದಿಲ್ಲ.

ಹಾಗಾಗಿ ಈ ಕಲೆಯ ಮೂಲ ಎಂಜಿನ್ನಿನಲ್ಲಿಲ್ಲ; ಟೈರು ನೆಲಕ್ಕೆ ತಾಗುವ ನಾಲ್ಕು ಅಂಗೈಯಗಲ ಜಾಗದಲ್ಲಿದೆ. ಗಾಡಿಗೆ ಹಾಕಿಸುವ ಪ್ರತಿಯೊಂದು ಭಾಗವನ್ನೂ ಆ ನಾಲ್ಕು ತುಣುಕು ನೆಲಕ್ಕೆ ಇದು ಏನು ಕೊಡುತ್ತದೆ ಎಂದೇ ತೂಗಿ ನೋಡಬೇಕು.

ಮೊದಲು ಗಾಡಿಯ ಒಳಗಿನ ಕೆಲಸ ನೋಡೋಣ. ತಿರುವಿನಲ್ಲಿ ಒಳಗಿನ ಗಾಲಿಗಿಂತ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು. ಅದಕ್ಕೆ ಎಡೆ ಮಾಡಿಕೊಡುವುದು ಆಕ್ಸಲ್ಲಿನ ನಡುವೆ ಕೂತ ಡಿಫರೆನ್ಷಿಯಲ್. ಅದು ಎರಡೂ ಗಾಲಿಗೆ ಸಮನಾದ ತಿರುಚುಬಲ ಕೊಡುತ್ತದೆ. ಆದರೆ ಎಷ್ಟು ಬಲ ಎಂಬುದನ್ನು ನಿರ್ಧರಿಸುವುದು ಹಿಡಿತ ಕಡಿಮೆ ಇರುವ ಗಾಲಿ. ಒಂದು ಗಾಲಿ ಹಳ್ಳದ ಮೇಲೆ ತೂಗಾಡಿದರೆ ಅದು ಬರಿದೆ ಸುತ್ತುತ್ತದೆ. ಗಟ್ಟಿ ನೆಲದ ಮೇಲಿರುವ ಜೊತೆಗಾಲಿಗೂ ಬಲ ದಕ್ಕುವುದಿಲ್ಲ. ಜಿಪ್ಸಿ, ಥಾರ್, ಜಿಮ್ನಿ, ಗೂರ್ಖಾ ಗಾಡಿಗಳಲ್ಲಿ ಲಿವರ್ ಜಗ್ಗಿದಾಗ ಟ್ರಾನ್ಸ್‌ಫರ್ ಕೇಸು ಮುಂದಿನ, ಹಿಂದಿನ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಗ ಮುಂದಿನ ಜೋಡಿಯಿಂದ ಒಂದಾದರೂ, ಹಿಂದಿನ ಜೋಡಿಯಿಂದ ಒಂದಾದರೂ ತಿರುಗುವುದು ಖಾತ್ರಿ. ಖಾತ್ರಿ ಇರುವುದು ಅಷ್ಟೇ. ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಒಟ್ಟಿಗೆ ಮೇಲೆದ್ದರೆ ನಾಲ್ಕು ಗಾಲಿಯ ಗಾಡಿಯೂ ನಿಂತಲ್ಲೇ ನಿಲ್ಲುತ್ತದೆ. ಒಣ ಡಾಂಬರಿನ ಮೇಲೆ ಈ ಲಿವರ್ ಹಾಕಬಾರದು ಎನ್ನುವುದಕ್ಕೂ ಕಾರಣ ಆ ಬಿಗಿತವೇ: ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಹೋಗಬೇಕು, ಶಾಫ್ಟು ಬಿಡುವುದಿಲ್ಲ, ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಮಣ್ಣಿನಲ್ಲಾದರೆ ಗಾಲಿ ಕೊಂಚ ಜಾರಿ ಆ ಒತ್ತಡ ಕಳೆದುಕೊಳ್ಳುತ್ತದೆ.

ಅದೇ ಪೆಟ್ಟಿಗೆಯಲ್ಲಿ ಲೋ ರೇಂಜ್ ಎಂಬ ಇನ್ನೊಂದು ಗೇರಿದೆ. ಇಡೀ ಗಾಡಿಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಭಾಗ ಇದು. ಥಾರ್‌ನಲ್ಲಿ ಅದು ಗಾಲಿಯ ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಿ, ತಿರುಚುಬಲವನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಗಾಡಿ ಮನುಷ್ಯನ ನಡಿಗೆಗಿಂತ ನಿಧಾನವಾಗಿ, ಆಕ್ಸಲರೇಟರ್ ಮುಟ್ಟದೆ, ಕಲ್ಲಿನಿಂದ ಕಲ್ಲಿಗೆ ಇಳಿಯುತ್ತದೆ. ಐಹೊಳೆ, ಗುಳೇದಗುಡ್ಡದ ಸುತ್ತಿನ ಮರಳುಗಲ್ಲಿನ ಏರಿಳಿತಕ್ಕೆ ಹೇಳಿಮಾಡಿಸಿದ ಗೇರು. ಒಣಗಿದ ಮರಳುಗಲ್ಲು ಒರಟು, ರಬ್ಬರನ್ನು ಚೆನ್ನಾಗಿ ಹಿಡಿಯುತ್ತದೆ. ಅಲ್ಲಿ ಜಾರಿಸುವುದು ಮೇಲಿನ ಸಡಿಲ ಹರಳು. ಇಳಿಜಾರಿನಲ್ಲಿ ಬ್ರೇಕು ಒತ್ತಿ ಗಾಲಿ ಲಾಕ್ ಮಾಡಿದರೆ ಆ ಹರಳಿನ ಮೇಲೆ ಗಾಡಿ ತೇಲಿಬಿಡುತ್ತದೆ. ಲೋ ರೇಂಜಿನ ಮೊದಲ ಗೇರಿಗೆ ಹಾಕಿ ಕಾಲು ತೆಗೆದರೆ ಎಂಜಿನ್ನೇ ಹಿಡಿದು ಇಳಿಸುತ್ತದೆ.

ಈಗ ಆ ನಾಲ್ಕು ತುಣುಕು ನೆಲ. 1,750 ಕಿಲೊ ತೂಗುವ ಗಾಡಿಯ ಟೈರಿನಲ್ಲಿ 32 ಪಿಎಸ್‌ಐ ಗಾಳಿ ಇದೆ ಎನ್ನಿ. ತೂಕವನ್ನು ನಾಲ್ಕು ಗಾಲಿಗೆ ಹಂಚಿ, ಗಾಳಿಯ ಒತ್ತಡದಿಂದ ಭಾಗಿಸಿದರೆ ಒಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 30 ಚದರ ಇಂಚು. ಅದೇ ಟೈರನ್ನು 16 ಪಿಎಸ್‌ಐಗೆ ಇಳಿಸಿದರೆ ಲೆಕ್ಕದಲ್ಲಿ ಅದು 60 ಚದರ ಇಂಚು. ಟೈರಿನ ಗೋಡೆಯ ಗಡಸುತನದಿಂದ ನಿಜದ ಅಳತೆ ಅದಕ್ಕಿಂತ ಕೊಂಚ ಕಡಿಮೆ ಬಂದೀತು, ಆದರೂ ಲಾಭ ದೊಡ್ಡದು. ಟೈರು ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಚಾಚಿ ಮಲಗುತ್ತದೆ. ಮೆತ್ತನೆಯ ನೆಲದಲ್ಲಿ ಹೂಳುವುದು ಕಡಿಮೆಯಾಗುತ್ತದೆ, ಕಲ್ಲಿನ ಮೇಲೆ ಕಲ್ಲನ್ನು ತಬ್ಬಿಕೊಳ್ಳುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಮಾರ್ಪಾಡಿಗೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 15ಕ್ಕಿಂತ ಕೆಳಗೆ ಇಳಿಸಿದರೆ ಮಾತ್ರ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಭಯವಿದೆ. ಡಾಂಬರಿಗೆ ಮರಳುವ ಮೊದಲು ಗಾಳಿ ತುಂಬಲೇಬೇಕು; ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರಿನ ಗೋಡೆ ಬಿಸಿಯೇರಿ ಒಡೆಯುತ್ತದೆ. ಹಾಗಾಗಿ ಕೊಳ್ಳುವ ಮೊದಲ ಸಾಮಾನು ಒಂದು ನಂಬಿಕೆಯ ಗೇಜು, ಬ್ಯಾಟರಿಗೆ ಸಿಕ್ಕಿಸುವ ಒಂದು ಪುಟ್ಟ ಕಂಪ್ರೆಸರ್.

ಎರಡನೆಯದು ಟೈರು. ವಾರವೆಲ್ಲ ಬಾಗಲಕೋಟೆಗೋ ಹುನಗುಂದಕ್ಕೋ ಓಡಾಡಿ ವಾರಾಂತ್ಯಕ್ಕಷ್ಟೇ ಮಣ್ಣಿಗಿಳಿಯುವವರಿಗೆ ಆಲ್‌ಟೆರೇನ್ ಟೈರು ಸಾಕು. ಮಡ್‌ಟೆರೇನ್ ಟೈರಿನ ಗೀರು ಅಗಲ, ಗಾಲಿ ರಭಸವಾಗಿ ತಿರುಗಿದಾಗ ಕೆಸರನ್ನು ಎಸೆದು ಸ್ವಚ್ಛವಾಗುತ್ತದೆ. ಹೆದ್ದಾರಿಯಲ್ಲಿ ಮಾತ್ರ ಅದರದು ಗುಂಯ್‌ಗುಡುವ ಸದ್ದು, ಮಳೆನೀರಿನ ಡಾಂಬರಿನಲ್ಲಿ ಬ್ರೇಕೂ ಸಡಿಲ. ಹಸಿ ಎರೆಯ ಮುಂದೆ ಅದೂ ಸೋಲುತ್ತದೆ. ಟೈರು ಬದಲಿಸಿ ಎರೆಯನ್ನು ಗೆಲ್ಲುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಮಳೆ ನಿಂತ ಮೇಲೆ ಕಾಯಿರಿ.

ಎಷ್ಟು ಕಾಯಬೇಕು? ಎರೆಯ ಮೇಲ್ಪದರು ಒಂದು ಬಿಸಿಲಿಗೇ ಒಣಗಿದಂತೆ ಬೂದಿಬಣ್ಣಕ್ಕೆ ತಿರುಗುತ್ತದೆ; ಮೋಸ ಹೋಗುವುದೇ ಅಲ್ಲಿ. ಗಾಡಿಯಿಂದಿಳಿದು ಹಿಮ್ಮಡಿಯಿಂದ ಆ ಪದರು ಒಡೆದು, ಕೆಳಗಿನ ಮಣ್ಣು ಒಂದು ಚಿಟಿಕೆ ತೆಗೆದು ಅಂಗೈಗಳ ನಡುವೆ ಹೊಸೆದು ನೋಡಬೇಕು. ಶಾವಿಗೆಯಂತೆ ಸಣ್ಣ ಎಳೆಯಾಗಿ ಬರುತ್ತಿದ್ದರೆ ಮಣ್ಣಿನಲ್ಲಿ ಇನ್ನೂ ತೇವವಿದೆ, ಗಾಡಿ ಹೂಳುತ್ತದೆ. ಎಳೆಯಾಗುವ ಮೊದಲೇ ಮುರಿದು ಪುಡಿಯಾದರೆ ನೆಲ ಭಾರ ಹೊರುತ್ತದೆ. ರಸ್ತೆ ಕಟ್ಟುವ ಎಂಜಿನಿಯರುಗಳು ಪ್ರಯೋಗಶಾಲೆಯಲ್ಲಿ ಮಣ್ಣನ್ನು 3 ಮಿಲಿಮೀಟರ್ ಎಳೆಯಾಗಿ ಹೊಸೆದು ಮಾಡುವ ಪರೀಕ್ಷೆ ಇದೇ. ಬಿತ್ತಿಗೆಗೆ ಹದ ಬಂದಿದೆಯೇ ಎಂದು ನೋಡಲು ಹೆಂಟೆಯನ್ನು ಮುಷ್ಟಿಯಲ್ಲಿ ಹಿಚುಕುವ ನಮ್ಮ ರೈತರದೂ ಅದೇ ಜ್ಞಾನ. ಯಾವ ಬಂಡಿದಾರಿ ಮೊದಲು ಆರುತ್ತದೆ, ಯಾವ ಹಳ್ಳದ ತಳ ಗಟ್ಟಿ ಎಂಬುದು ಕುರಿ ಕಾಯುವವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಗಾಡಿ ನಿಲ್ಲಿಸಿ ಅವರೊಡನೆ ನಾಲ್ಕು ಮಾತಾಡುವುದನ್ನೂ ನಾನು ಈ ವಿದ್ಯೆಯ ಭಾಗವೆಂದೇ ತಿಳಿಯುತ್ತೇನೆ.

ಟೈರಿನ ನಂತರ ಡಿಫರೆನ್ಷಿಯಲ್ ಲಾಕ್. ಎರಡು ಗಾಲಿಗಳನ್ನು ಒಟ್ಟಿಗೇ ತಿರುಗುವಂತೆ ಬಿಗಿಯುವ ಈ ಸಾಧನ, ಒಂದು ಗಾಲಿ ಗಾಳಿಯಲ್ಲಿದ್ದರೂ ಜೊತೆಗಾಲಿಗೆ ಬಲ ಮುಟ್ಟಿಸುತ್ತದೆ. ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಕೈಯಿಂದ ಹಾಕುವ ಲಾಕ್ ಇದೆ. ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲ್ ಗಾಲಿಗಳ ವೇಗದ ಅಂತರ ಕಂಡು ತಾನಾಗಿ ಲಾಕ್ ಆಗುತ್ತದೆ. ಜಿಮ್ನಿ ಸುತ್ತುವ ಗಾಲಿಗೆ ಬ್ರೇಕು ಹಾಕಿ ಅದೇ ಕೆಲಸ ಸಾಧಿಸುತ್ತದೆ. ಗಾಡಿ ಎತ್ತರಿಸುವುದು ಇದಾದ ಮೇಲಿನ ಮಾತು. ಥಾರ್‌ಗೆ ಕಂಪನಿಯೇ 226 ಮಿಲಿಮೀಟರ್ ನೆಲದೆತ್ತರ ಕೊಟ್ಟಿದೆ, ಜಿಮ್ನಿಗೆ 210. ನಮ್ಮ ಸೀಮೆಗೆ ಅದು ಧಾರಾಳ. ಎರಡಿಂಚು ಎತ್ತರಿಸಿದೊಡನೆ ಗುರುತ್ವಕೇಂದ್ರ ಮೇಲೇರುತ್ತದೆ, ಶಾಫ್ಟಿನ ಕೋನ ಕೆಡುತ್ತದೆ, ಸ್ಟೀರಿಂಗಿನ ಗುಣ ಬದಲಾಗುತ್ತದೆ. ಕಾನೂನೂ ಇದೆ: ನೋಂದಣಿಯಲ್ಲಿರುವ ತಯಾರಕರ ವಿವರಕ್ಕೆ ಭಿನ್ನವಾಗುವಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂದೆ ಕಟ್ಟುವ ಕಬ್ಬಿಣದ ಬುಲ್‌ಬಾರ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ. ಆ ಹಣವನ್ನು ಗಾಡಿ ಎಳೆದು ತೆಗೆಯುವ ಸಾಮಾನಿಗೆ ಹಾಕುವುದು ಜಾಣತನ.

ಗಾಡಿ ಸಿಕ್ಕಿಕೊಂಡಾಗಲೇ ಕೈಚಳಕ ತಿಳಿಯುವುದು. ಸಿಕ್ಕಿತೆಂದು ಗೊತ್ತಾದ ಕ್ಷಣ ಗಾಲಿ ತಿರುಗಿಸುವುದನ್ನು ನಿಲ್ಲಿಸಬೇಕು. ಪ್ರತಿ ಸುತ್ತೂ ಗುಂಡಿ ತೋಡುತ್ತದೆ. ಎರೆ ಗಾಲಿಯನ್ನು ಹೀರಿ ಹಿಡಿದಿರುತ್ತದೆ, ಸಲಿಕೆಯಿಂದ ಗಾಲಿಯ ಮುಂದೆ ಇಳಿಜಾರಾಗಿ ಅಗೆದು ಒಳಗೆ ಗಾಳಿ ಹೋಗುವಂತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಹತ್ತಿರದ ಹೊಲದಿಂದ ಟ್ರ್ಯಾಕ್ಟರ್ ಬರುತ್ತದೆ, ಜೊತೆಗೆ ಸರಪಳಿಯೂ ಬರುತ್ತದೆ. ಟ್ರ್ಯಾಕ್ಟರಿಗೆ ಕೈಮುಗಿಯಿರಿ, ಸರಪಳಿ ಬೇಡ ಎನ್ನಿ. ಸರಪಳಿ ಹಿಗ್ಗುವುದಿಲ್ಲ, ಜಗ್ಗಿದ ಪೆಟ್ಟೆಲ್ಲ ಕೊಂಡಿಯ ಮೇಲೆ ಬೀಳುತ್ತದೆ. ನೈಲಾನಿನ ಕೈನೆಟಿಕ್ ಹಗ್ಗ ಹಿಗ್ಗುತ್ತ ಬಲವನ್ನು ತನ್ನೊಳಗೆ ತುಂಬಿಕೊಂಡು, ಮತ್ತೆ ಕುಗ್ಗುತ್ತ ಗಾಡಿಯನ್ನು ಮೆತ್ತಗೆ ಹೊರಗೆ ತರುತ್ತದೆ. ಕಟ್ಟುವುದು ಚಾಸಿಗೆ ಬೆಸೆದ ಕೊಕ್ಕೆಗೆ ಮಾತ್ರ. ಬಂಪರಿಗಲ್ಲ, ಟ್ರೇಲರ್ ಸಿಕ್ಕಿಸುವ ಗುಂಡಿಗೆ ಎಂದೂ ಅಲ್ಲ. ಅದು ಮುರಿದರೆ ಗುಂಡಿನಂತೆ ಹಾರುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ನೋಡುವವರನ್ನೆಲ್ಲ ಸರಿಸಿಯೇ ಎಳೆಯಬೇಕು.

ಮಲಪ್ರಭೆಯ ಬಗ್ಗೆ ಬೇರೆಯೇ ಎಚ್ಚರ. 650 ಮಿಲಿಮೀಟರ್ ನೀರಿನಲ್ಲಿ ಹೋಗಬಹುದು ಎಂದು ಥಾರ್‌ನ ಕೈಪಿಡಿ ಹೇಳುವುದು ನಿಂತ ನೀರಿಗೆ. ಹರಿಯುವ ನೀರು ಅದಕ್ಕಿಂತ ಕಡಿಮೆ ಆಳದಲ್ಲೇ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಇಲ್ಲಿ ತುಣುಕು ಮೋಡವಿಲ್ಲದ ದಿನವೂ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಹೊಳೆ ನುಗ್ಗಿತ್ತು. ಕಾಲಿಟ್ಟು ನಡೆದು ನೋಡದ ನೀರಿಗೆ ಗಾಲಿ ಇಳಿಸಬಾರದು.

ಹೋಗಬಾರದ ಜಾಗಗಳೂ ಇವೆ. ಒಣಬೇಸಾಯದ ರೈತರು ತಲೆಮಾರುಗಳಿಂದ ಹಾಕಿ ಕಾಪಾಡಿದ ಒಡ್ಡುಗಳ ಮೇಲೆ ಗಾಡಿ ಹತ್ತಿಸುವುದು ತಪ್ಪು. ಗಾಲಿಯ ಒಂದು ಜಾಡಿನಿಂದ ಮುಂದಿನ ಮಳೆಗೆ ಒಡ್ಡು ಒಡೆಯುತ್ತದೆ. ಹಿಂಗಾರಿ ಬಿತ್ತಿದ ಹೊಲದಲ್ಲಿ ಗಾಲಿ ಒತ್ತಿದ ಜಾಗ ಗಟ್ಟಿಯಾಗಿ ಬೀಜ ಮೇಲೇಳುವುದಿಲ್ಲ. ಚಿಂಕಾರಗಳಿಗೆಂದು ಉಳಿಸಿದ ಬೀಳಗಿ, ಮುಧೋಳದ ಕಡೆಯ ಯಡಹಳ್ಳಿ ಅಭಯಾರಣ್ಯಕ್ಕೂ ನಮ್ಮ ಗಾಡಿಗಳಿಗೂ ಸಂಬಂಧವಿರಬಾರದು. ಐಹೊಳೆಯ ಸುತ್ತ ಹೊಲದ ಬದುವಿನಲ್ಲೂ ಕೆತ್ತಿದ ಕಲ್ಲು ಬಿದ್ದಿರುತ್ತದೆ, ಅಲ್ಲಿ ಇಳಿದು ನಡೆಯುವುದೇ ಸರಿ.

ಮನೆಗೆ ಬಂದ ಮೇಲಿನ ಕೆಲಸವನ್ನು ಹಲವರು ಸೋಮವಾರಕ್ಕೆ ಮುಂದೂಡುತ್ತಾರೆ. ಎರೆ ಒಣಗುವ ಮೊದಲೇ ಅಡಿಭಾಗ ತೊಳೆಯಬೇಕು, ಒಣಗಿದರೆ ಉಳಿಯಿಂದ ಕೆತ್ತಬೇಕಾಗುತ್ತದೆ. ಬ್ರೇಕಿನ ಸಂದು, ರೇಡಿಯೇಟರಿನ ಜಾಲರಿ, ಶಾಫ್ಟಿನ ಕ್ರಾಸುಗಳು ಮುಖ್ಯ. ಕ್ರಾಸುಗಳಿಗೆ ಹಳೆಯ ಗ್ರೀಸು ಹೊರಬರುವವರೆಗೆ ಹೊಸದು ತುಂಬಬೇಕು. ನೀರು ದಾಟಿದ್ದರೆ ಡಿಫರೆನ್ಷಿಯಲ್ಲಿನ ಆಯಿಲ್ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಅಂದೇ ಬದಲಿಸಬೇಕು. ಇನ್ನು ಮರುದಿನ ಹೆದ್ದಾರಿಯಲ್ಲಿ 80ರ ವೇಗಕ್ಕೆ ಸ್ಟೀರಿಂಗ್ ನಡುಗಿದರೆ ಗಾಬರಿಯಿಂದ ಅಲೈನ್‌ಮೆಂಟಿಗೆ ಓಡುವುದು ಬೇಡ. ಹೆಚ್ಚಿನ ಸಲ ಕಾರಣ ರಿಮ್ಮಿನ ಒಳಮಗ್ಗುಲಲ್ಲಿ ಗಟ್ಟಿಯಾಗಿ ಕೂತ ಒಂದು ಹಿಡಿ ಎರೆಮಣ್ಣು. ಕೈ ಹಾಕಿ ಕೆರೆದು ತೆಗೆದರೆ ನಡುಕ ನಿಲ್ಲುತ್ತದೆ.